ಹಿಂದಿನ ಗೇಟಿನಿಂದ ಹೋದ ಇದ್ದಿಲು

2006ರಲ್ಲಿ ನಾನು ಲಗ್ಗೆರೆ ಬಳಿಯ ಒಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಕಾರ್ಖಾನೆಯಲ್ಲಿ ಪ್ಲಾಂಟ್ ಇಂಜಿನಿಯರ್ ಆಗಿದ್ದೆ. ಗೇರು, ಬೋಲ್ಟುಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿಕೊಡುವುದು ನಮ್ಮ ಕೆಲಸ. ಡೀಸೆಲ್ ಬಿಡಿಸಿ ಅಲ್ಲಿ ಗ್ಯಾಸಿಫೈಯರ್ ಹಾಕಿಸಿದವನು ನಾನೇ. ತೆಂಗಿನ ಚಿಪ್ಪು, ಸೌದೆ ಚೂರುಗಳಿಗೆ ಬೇಕೆಂದೇ ಕಡಿಮೆ ಗಾಳಿ ಕೊಟ್ಟು ಅರೆಬರೆ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಸೇರಿದ ಗ್ಯಾಸ್ ಹುಟ್ಟುತ್ತದೆ. ಅದು ಉರಿಯುವ ಗ್ಯಾಸ್. ಕುಲುಮೆಗೆ ಅದೇ ಊಟ. ತಳದಲ್ಲಿ ಬೂದಿ, ಇದ್ದಿಲು ಉಳಿಯುತ್ತವೆ.

ಆ ಇದ್ದಿಲು ಜಯಮ್ಮನ ಪಾಲು. ನಮ್ಮ ಹಿಂದಿನ ಗೇಟಿನ ಎದುರು, ಹೊಂಗೆ ಮರದ ಕೆಳಗೆ ಅವರ ಇಸ್ತ್ರಿ ಗಾಡಿ ಇತ್ತು. ಒಂದು ಚೀಟಿ ಅಂಟಿಸದೆ, ಗುರುತು ಹಾಕದೆ ಯಾವ ಅಂಗಿ ಯಾವ ಮನೆಯದೆಂದು ನೆನಪಿಡುತ್ತಿದ್ದ ಗಟ್ಟಿಗಿತ್ತಿ. ನನ್ನ ಅಂಗಿಯ ಕಾಲರ್ ಎತ್ತಿ ಹಿಡಿದು, “ಇಂಜಿನಿಯರ್ ಸಾರ್, ಇದನ್ನ ಇನ್ನು ನೆಲ ಒರೆಸಕ್ಕೆ ಹಾಕಿ” ಎಂದು ಬೀದಿಯಲ್ಲೇ ಮಾನ ಕಳೆಯುತ್ತಿದ್ದರು. ವಾರಕ್ಕೊಂದು ಚೀಲ ಇದ್ದಿಲು ಪುಕ್ಕಟೆ ಕೊಟ್ಟು ನಾನು ದಾನಶೂರನಂತೆ ಮೆರೆಯುತ್ತಿದ್ದೆ.

ಆ ಮಳೆಗಾಲ ಸೌದೆಯೆಲ್ಲ ಒದ್ದೆ, ಚಿಪ್ಪು ಬೇಕಾದಷ್ಟು ಸಿಗದು. ಗ್ಯಾಸ್ ಒಂದು ಗಳಿಗೆ ಬಂದರೆ ಇನ್ನೊಂದು ಗಳಿಗೆ ಇಲ್ಲ. ಆಗ ಮೂರು ಪಾಲು ಚಿಪ್ಪು-ಸೌದೆಗೆ ಒಂದು ಪಾಲು ಕಲ್ಲಿದ್ದಲು ಬೆರೆಸುವ ಪ್ರಯೋಗ ಮಾಡಿದೆ. ಗೆದ್ದೆ! ಕುಲುಮೆಯ ಶಾಖ ಅಲುಗಾಡಲಿಲ್ಲ, ಚಿಮಣಿಯಲ್ಲಿ ಹೊಗೆಯ ಎಳೆಯೂ ಇಲ್ಲ. ಮಾಲೀಕರನ್ನು ಅಂಗಳಕ್ಕೆ ಕರೆದು ಚಿಮಣಿ ತೋರಿಸಿ ಬೀಗಿದೆ.

ಎರಡು ವಾರವಾದ ಮೇಲೆ ಜಯಮ್ಮ ಗೇಟಿನ ಹತ್ತಿರ ಸಿಕ್ಕರು. “ಈ ಸಲದ ಇದ್ದಿಲು ಭಾರಿ ಚೆನ್ನಾಗೈತೆ ಸಾರ್. ಒಂದ್ಸಲ ತುಂಬಿದ್ರೆ ಆರೋದೇ ಇಲ್ಲ.”

“ಹೊಸ ಮಿಕ್ಸು ಜಯಮ್ಮ” ಅಂದೆ. ಅಷ್ಟೇ ಅಂದೆ.

ಮುಂದಿನ ಶನಿವಾರ ಮಧ್ಯಾಹ್ನ ಜೋರು ಮಳೆ. ಇಸ್ತ್ರಿಗೆ ಕೊಟ್ಟಿದ್ದ ಯೂನಿಫಾರಂ ತರಲು ಜಯಮ್ಮನ ಮನೆಗೆ ಹೋಗಿದ್ದ ವಾಚ್‌ಮನ್ ಶಿವಣ್ಣ ತೊಯ್ದು ತೊಪ್ಪೆಯಾಗಿ ಓಡಿಬಂದ. “ಸಾರ್, ಎಷ್ಟು ಬಡಿದ್ರೂ ಜಯಮ್ಮ ಬಾಗಿಲು ತೆಗೀತಿಲ್ಲ. ಒಳಗೇ ಅವ್ರೆ, ಚಿಲಕ ಹಾಕೈತೆ!”

ಹಿಂದಿನ ಅಡ್ಡರಸ್ತೆಯಲ್ಲೇ ಅವರ ಒಂದು ಕೋಣೆಯ ಮನೆ. ಇಬ್ಬರೂ ಸೇರಿ ಬಾಗಿಲು ಒದ್ದೆವು. ಎರಚಲು ಬರದಿರಲೆಂದು ಕಿಟಕಿಗೂ ಪ್ಲಾಸ್ಟಿಕ್ ಕಟ್ಟಿದ್ದರು. ಜಯಮ್ಮ ಚಾಪೆಯ ಮೇಲೆ ಮಲಗಿದ್ದರು, ಅಲುಗಿಸಿದರೆ ಎಚ್ಚರವಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ. ಚಾಪೆಯ ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ. ದಾರಿಗೆ ಅಡ್ಡವೆಂದು ಸರಿಸಲು ಹೋದೆ, ಕೈ ಚುರ್ರೆಂದಿತು. ಮುಚ್ಚಳ ತೆಗೆದು ಬೂದಿ ಊದಿದರೆ ಕೆಳಗೆ ನಿಗಿನಿಗಿ ಕೆಂಡ. ಅದರ ನಡುವೆ ಇನ್ನೂ ಹಿಡಿಯದ ಒಂದು ಚೂರು ಕಪ್ಪಗೆ ಹೊಳೆಯುತ್ತಿತ್ತು. ಅಯ್ಯೋ ದೇವರೇ! ನನ್ನ ಕಲ್ಲಿದ್ದಲು.

ಪೆಟ್ಟಿಗೆ ಕಳುವಾದೀತೆಂದು ಅದನ್ನು ಮನೆಯೊಳಗೆ ಇಡುವುದು ಜಯಮ್ಮನ ಹತ್ತಾರು ವರ್ಷದ ರೂಢಿ. ಸೌದೆಯ ಇದ್ದಿಲು ಮನೆ ಸೇರುವಷ್ಟರಲ್ಲಿ ಬೂದಿಯಾಗಿ ತಣ್ಣಗಾಗುತ್ತಿತ್ತು. ಇದು ಬೂದಿ ಹೊದ್ದು ಜೀವಂತವಾಗಿತ್ತು. ಕಾರ್ಖಾನೆಯಲ್ಲಿ ನಾನು ಕೊಳವೆ ಕಟ್ಟಿ, ಅಲಾರಂ ಇಟ್ಟು ತಯಾರಿಸುವ ಅದೇ ಗ್ಯಾಸು ಈ ಮುಚ್ಚಿದ ಕೋಣೆಯಲ್ಲಿ ಕೊಳವೆಯೂ ಇಲ್ಲದೆ, ಅಲಾರಮ್ಮೂ ಇಲ್ಲದೆ ತುಂಬಿಕೊಂಡಿತ್ತು.

ಅವರನ್ನು ಮಳೆಗೆ ಎತ್ತಿಕೊಂಡು ಬಂದು ಆಟೋ ಹತ್ತಿಸಿದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. “ಇನ್ನರ್ಧ ಗಂಟೆ ತಡವಾಗಿದ್ರೆ ಕಷ್ಟ ಇತ್ತು” ಎಂದರು ಡಾಕ್ಟರು.

ಒಂದು ತಿಂಗಳಾದ ಮೇಲೆ ಜಯಮ್ಮ ಮತ್ತೆ ಗಾಡಿ ಹಾಕಿದರು. ನನ್ನನ್ನು ಕಂಡೊಡನೆ ಕೇಳಿದ್ದೇ ಇದು: “ಸಾರ್, ಆ ಆರದೇ ಇರೋ ಇದ್ದಿಲು ಇನ್ನೊಂದು ಚೀಲ ಐತಾ?”

ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನಾಗಿದ್ದೆ. ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

“ಒಂದು ಮಾತು ಹೇಳಿದ್ರೆ ಪೆಟ್ಟಿಗೇನ ಆಚೆ ಇಡ್ತಿದ್ನಲ್ಲ ಸಾರ್” ಅಂದರು, ಅಷ್ಟೇ.

ಆಮೇಲೆ ಮಡಿಸಿಟ್ಟ ಬಟ್ಟೆಗಳ ಮುಂದೆ ಬಹಳ ಹೊತ್ತು ನಿಂತರು. ಒಂದನ್ನು ಮುಟ್ಟಿದರು, ಬಿಟ್ಟರು, ಇನ್ನೊಂದನ್ನು ಎತ್ತಿ ನನ್ನ ಕೈಗಿಟ್ಟರು. ಅದು ನನ್ನ ಅಂಗಿಯಾಗಿರಲಿಲ್ಲ. ಚೀಟಿಯಿಲ್ಲದೆ ಎಲ್ಲರ ಅಂಗಿ ನೆನಪಿಡುತ್ತಿದ್ದವರಿಗೆ ಆ ಗ್ಯಾಸು ಏನು ಮಾಡಿತ್ತೆಂದು ಆಗ ತಿಳಿಯಿತು.

ನಿವೃತ್ತನಾಗುವವರೆಗೂ ಮತ್ತೆಷ್ಟೋ ಕಡೆ ಗ್ಯಾಸಿಫೈಯರ್ ನಡೆಸಿದೆ. ಒಲೆಗೆ ಹಾಕುವುದನ್ನು ಬದಲಿಸಿದ ದಿನ ಚಿಮಣಿ ನೋಡಲು ಹೋಗುತ್ತಿರಲಿಲ್ಲ. ಮೊದಲು ಹಿಂದಿನ ಗೇಟಿಗೆ ಹೋಗಿ, ಅಲ್ಲಿಂದ ಚೀಲ ಹೊರುವವರು ಯಾರೆಂದು ಕೇಳಿ, ಅವರ ಜೊತೆ ಮಾತಾಡಿ ಬರುತ್ತಿದ್ದೆ.