ಗಾಳಿಯನ್ನು ಸರಪಳಿ ಹಿಡಿದು ಅಳೆದದ್ದು

ಮೂವತ್ತರ ದಶಕದ ನಡುವಿನ ಒಂದು ವೈಶಾಖ. ಹಿಲ್ಲೂರಿನ ಕಡೆ ಸುಂಟರಗಾಳಿ ಬೀಸಿ ಒಂದು ಕೇರಿಯೇ ನೆಲಕಚ್ಚಿದೆ ಎಂದು ಅಂಕೋಲೆಯ ಕಚೇರಿಗೆ ಸುದ್ದಿ ಬಂತು. ಹಾನಿಯನ್ನು ಅಳೆದು ಬರೆದುಕೊಂಡು ಬಾ ಎಂದು ಕಳಿಸಿದ್ದು ನನ್ನನ್ನು. ನಾನು ಕಾರವಾರದವನು, ಜಮೀನು ಅಳೆಯುವ ಮೋಜಣಿ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಅಳತೆಯ ಸರಪಳಿ, ನಕಾಶೆಯ ಕಾಗದ, ಒಂದು ಛತ್ರಿ, ಇವುಗಳ ಜೊತೆಗೆ ಬೇಕಾದದ್ದಕ್ಕಿಂತ ಹೆಚ್ಚೇ ಇದ್ದ ನನ್ನ ಗತ್ತನ್ನೂ ಗಾಡಿಗೆ ಹೇರಿಕೊಂಡು ಹೊರಟೆ.

ತಲುಪಿದ್ದು ಗಾಳಿ ಬೀಸಿದ ಆರನೆಯ ದಿನ. ಬಿದ್ದ ಗೋಡೆ, ಅಳುವ ಹೆಂಗಸರು ಎಂದೆಲ್ಲ ವರದಿಯ ಮೊದಲ ಸಾಲುಗಳನ್ನು ದಾರಿಯಲ್ಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಕೇರಿಗೆ ಬಂದು ನೋಡಿದರೆ ಮನೆಗಳು ಮದುವೆಗೆ ಸಿಂಗರಿಸಿದ ಹಾಗೆ ನಿಂತಿವೆ. ಹೊಸ ಹುಲ್ಲಿನ ಮಾಡು, ಸೆಗಣಿ ಸಾರಿಸಿದ ಅಂಗಳ, ಗೋಡೆಗೆ ಕೆಮ್ಮಣ್ಣು, ಅದರ ಮೇಲೆ ಶೇಡಿ ಮಣ್ಣಿನ ಬಿಳಿ ಚಿತ್ತಾರ. ಹಾನಿ ಎಲ್ಲಿ ಎಂದು ಕೇಳಿದೆ. ಕೇರಿಯ ಗೌಡ ಎದೆಯುಬ್ಬಿಸಿ, ಎಲ್ಲ ನೆಟ್ಟಗೆ ಮಾಡಿ ಮುಗಿಸಿದೆವು ಎಂದ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅವರ ಪದ್ಧತಿ ಹಾಗೆ. ಮಾಡು ಇಲ್ಲದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಒಂದು ಮನೆಯ ಮಾಡು ಬಿದ್ದರೂ ಅದು ಮತ್ತೆ ಏರುವ ತನಕ ಇಡೀ ಕೇರಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಬಯಲಿನಲ್ಲಿ ಒಂದೇ ಹಂಡೆಯ ಗಂಜಿ, ಎಲ್ಲರಿಗೂ ಅದೇ. ಈ ಸಲ ಬಿದ್ದದ್ದು ಒಂಬತ್ತು ಮನೆ. ಗಂಡಸರು ಹೆಂಗಸರು ಒಂದಾಗಿ ದುಡಿದು ಐದು ದಿನಕ್ಕೆ ಒಂಬತ್ತನ್ನೂ ಎತ್ತಿ ನಿಲ್ಲಿಸಿದ್ದರು. ಸರ್ಕಾರದವರು ಬರುತ್ತಾರೆಂದು ತಿಳಿದ ಮೇಲೆ ಮುರಿದ ಮನೆ ತೋರಿಸುವುದು ಮರ್ಯಾದೆಯಲ್ಲವೆಂದು ಚಿತ್ತಾರವನ್ನೂ ಬರೆದುಬಿಟ್ಟಿದ್ದರು.

ಅಷ್ಟೇ ಆಗಿದ್ದರೆ ನಾನು ನಕ್ಕು ಹಿಂದಿರುಗುತ್ತಿದ್ದೆನೋ ಏನೋ. ಆದರೆ ನನಗಿಂತ ಮೊದಲೇ ಜಂಗಲ್ ಗಾರ್ಡು ಬಂದು ಹೋಗಿದ್ದ. ಅವನ ಕಣ್ಣಿಗೆ ಕಂಡದ್ದು ಗಾಳಿಯಲ್ಲ, ಒಂಬತ್ತು ಮನೆಗಳ ಹೊಸ ತೊಲೆ, ಹೊಸ ಕಂಬ. ಪಾಸಿಲ್ಲದೆ ಸರ್ಕಾರದ ಅಡವಿಯ ಮರ ಕಡಿದಿದ್ದಾರೆ ಎಂದು ಮೇಲಕ್ಕೆ ಬರೆದುಕೊಟ್ಟ. ಉಪ್ಪಿನ ಗಲಾಟೆ, ಕರ ಕೊಡದ ಗಲಾಟೆ ಎಲ್ಲ ಆಗಿಹೋದ ತಾಲೂಕು ನಮ್ಮದು. ಇಂಥ ಕಾಗದವನ್ನು ಮೇಲಿನವರು ಎರಡು ಸಲ ಓದದೆ ಶಿಕ್ಷೆಗೆ ಸಹಿ ಹಾಕುತ್ತಿದ್ದರು. ಆಪತ್ತಿನಲ್ಲಿ ಮನೆ ಕಳಕೊಂಡವರಿಗೆ ಬಿದ್ದ ಮರವನ್ನು ಬಿಟ್ಟಿ ಕೊಡುವ ಅಧಿಕಾರ ತಾಲೂಕಿನ ಮುಖ್ಯಸ್ಥರಾದ ಮಾಮಲೇದಾರರಿಗೆ ಇತ್ತು ನಿಜ. ಆದರೆ ಮನೆ ಬಿದ್ದದ್ದು ಮೋಜಣಿಯಲ್ಲಿ ಕಾಣಬೇಕು. ಕಾಣದಿದ್ದರೆ ಗಂಡಸರೆಲ್ಲ ಜೈಲಿಗೆ. ತೊಲೆ ಕಂಬಗಳನ್ನು ಕಿತ್ತು ಜಪ್ತಿ ಮಾಡುತ್ತಾರೆ. ಮಳೆಗಾಲಕ್ಕೆ ಉಳಿದದ್ದು ಹದಿನೈದೇ ದಿನ. ಮಾಮಲೇದಾರರು ಖುದ್ದು ಬರುವುದು ನಾಡಿದ್ದು ಎಂದು ಗೊತ್ತಾದಾಗ ನನ್ನ ಗತ್ತು ಅರ್ಧ ಇಳಿಯಿತು.

ಸಿಟ್ಟಿನಲ್ಲಿ ನನಗೆ ಬುದ್ಧಿ ಓಡುವುದಿಲ್ಲ, ಅಂದೂ ಓಡಲಿಲ್ಲ. ಹೊಸ ಮಾಡುಗಳನ್ನು ಇಳಿಸಿಬಿಡಿ, ಸಾಹೇಬರು ನೋಡಿ ಹೋದ ಮೇಲೆ ಮತ್ತೆ ಏರಿಸಿಕೊಳ್ಳಿ ಎಂದುಬಿಟ್ಟೆ. ಗೌಡ ನೆಲ ನೋಡಿದ. ಒಂದು ಮನೆಯ ಮುದುಕಿ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. ಗಾಳಿ ಬಂದ ಹೊತ್ತಿನಲ್ಲಿ ಮನೆಯೊಳಗೇ ಇದ್ದು, ಒರಳಿನ ಪಕ್ಕ ಮುದುಡಿ ಕುಳಿತು ಜೀವ ಉಳಿಸಿಕೊಂಡವಳು.

“ಗಾಳಿ ಒಂದ್ ಸಲ ಕಿತ್ತದೆ. ನೀವು ಎರಡ್ನೇ ಸಲ ಕೀಳೂಕೆ ಬಂದ್ರಾ, ಒಡೆಯಾ?”

ನನಗೆ ನಾಚಿಕೆಯಾಯಿತು. ಜಗಲಿಯ ತುದಿಯಲ್ಲಿ ಕುಳಿತೆ. ಅವಳು ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟು, ಇನ್ನೂ ಸಿಟ್ಟಿನಲ್ಲೇ, ಅಂದಳು:

“ಗಾಳಿ ನೋಡ್ಬೇಕಾದ್ರೆ ನಮ್ಮನೀಲಿ ಎಂತಕೆ ಹುಡ್ಕೂದು? ಗುಡ್ಡಕ್ಕೆ ಹೋಗಿ. ಅಲ್ಲಿ ಯಾರೂ ರಿಪೇರಿ ಮಾಡ್ಲಿಲ್ಲ.”

ಮಜ್ಜಿಗೆ ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ. ಅವಳು ಹೇಳಿದ್ದು ಸರಿ. ನೆತ್ತಿಯಿಂದ ಕೇರಿಯವರೆಗೆ ಅಡವಿಯ ನಡುವೆ ಬೈತಲೆ ತೆಗೆದ ಹಾಗೆ ಒಂದು ಪಟ್ಟಿ. ಆ ಪಟ್ಟಿಯೊಳಗೆ ಮತ್ತಿ, ನಂದಿ, ಹೊನ್ನೆ ಎಲ್ಲ ಬುಡದಲ್ಲಿ ತಿರುಚಿ ಮುರಿದು ಬಿದ್ದಿವೆ. ಪಕ್ಕದ ಮರದ ಎಲೆ ಕೂಡ ಅಲುಗಿಲ್ಲ. ಗೌಡನ ಕೈಗೆ ಸರಪಳಿಯ ಒಂದು ತುದಿ ಕೊಟ್ಟೆ. ಎರಡು ದಿನ ಬಿಸಿಲೆನ್ನದೆ ಅಳೆದೆವು. ಪಟ್ಟಿಯ ಅಗಲ ಎಲ್ಲಿ ನೋಡಿದರೂ ಮೂರು ಸರಪಳಿಯ ಆಸುಪಾಸು. ಬರಿಯ ಅಳತೆಯಲ್ಲ, ಕೊಡಲಿ ಬಿದ್ದ ಪ್ರತಿ ಮರದ ಬುಡವನ್ನೂ ಬಗ್ಗಿ ನೋಡಿದೆ. ನಿಂತ ಮರವೊಂದನ್ನು ಕಡಿದ ಗುರುತು ಸಿಕ್ಕಿದ್ದರೆ ಗಾರ್ಡು ಗೆದ್ದ ಹಾಗೆ. ಒಂದೂ ಸಿಗಲಿಲ್ಲ. ಅವರು ಮುಟ್ಟಿದ್ದು ಬಿದ್ದದ್ದನ್ನು ಮಾತ್ರ.

ಪಟ್ಟಿಯ ಎರಡು ಅಂಚಿನ ಗೆರೆಗಳನ್ನು ನಕಾಶೆಯಲ್ಲಿ ಕೇರಿಯ ಮೇಲೂ ಮುಂದುವರಿಸಿ ಎಳೆದಾಗ ನಾನು ಕಾಗದದ ಮುಂದೆ ಒಬ್ಬನೇ ನಕ್ಕೆ. ಒಂಬತ್ತು ಹೊಸ ಮಾಡುಗಳೂ ಆ ಎರಡು ಗೆರೆಗಳ ಒಳಗೆ. ಹೊರಗೆ ಉಳಿದ ಮೂರು ಮನೆಗಳ ಮೇಲೆ ಹೋದ ವರ್ಷದ ಕಪ್ಪು ಹುಲ್ಲು ಹಾಗೇ ಇತ್ತು. ಹಳ್ಳದ ಆಚೆಗೆ ಅದೇ ನೇರಕ್ಕೆ ಬಿದಿರಿನ ಮೆಳೆ ಬೇರು ಸಹಿತ ಬುಡಮೇಲು.

ಮಾಮಲೇದಾರರು ಘಟ್ಟದ ಮೇಲಿನವರು, ಮಾತು ಕಡಿಮೆ. ಜೊತೆಯಲ್ಲಿ ಗಾರ್ಡೂ ಬಂದಿದ್ದ. ಒಪ್ಪ ಮಾಡಿದ ಅಂಗಳಗಳನ್ನು ನೋಡಿದಾಗ ಸಾಹೇಬರ ಹುಬ್ಬು ಗಂಟಾದದ್ದನ್ನು, ಗಾರ್ಡಿನ ಮೀಸೆ ಅರಳಿದ್ದನ್ನು ನಾನು ಕಂಡೆ. ನಕಾಶೆಯನ್ನು ಸಾಹೇಬರ ಕೈಗೆ ಕೊಟ್ಟು ಗುಡ್ಡ ಹತ್ತಿಸಿದೆ. ಸಾಹೇಬರು ನೆತ್ತಿಯಲ್ಲಿ ನಿಂತು ಕಾಗದ ನೋಡಿದರು, ಕೆಳಗೆ ನೋಡಿದರು, ಮತ್ತೆ ಕಾಗದ ನೋಡಿದರು. ಆಮೇಲೆ ತಿರುಚಿ ಮುರಿದ ಒಂದು ಬುಡದ ಮೇಲೆ ಕೈಯಾಡಿಸಿದರು.

“ಇದು ಕೊಡ್ಲಿ ಕೆಲಸ ಅಲ್ಲ ಬಿಡಪಾ. ನಕಾಶೆ ಛಲೋ ತೆಗೆದೀ.”

ನನಗೆ ಕುಣಿಯಬೇಕೆನಿಸಿತು. ಅಲ್ಲೇ ಬಂಡೆಯ ಮೇಲೆ ಕುಳಿತು ಸಾಹೇಬರು ಹುಕುಂ ಬರೆದರು: ಮರವೆಲ್ಲ ಮಾಫಿ, ಮುದ್ರೆ ಈ ದಿನವೇ ಹಾಕತಕ್ಕದ್ದು. ಪಾಸಾದ ಮರಕ್ಕೆ ಜಂಗಲ್ ಖಾತೆಯವರು ಸುತ್ತಿಗೆಯಿಂದ ಮುದ್ರೆ ಒತ್ತುತ್ತಿದ್ದರು. ಆ ಸುತ್ತಿಗೆ ಇದ್ದದ್ದು ಗಾರ್ಡಿನ ಸೊಂಟದಲ್ಲೇ. ಮನೆ ಕೀಳಿಸಲು ಬಂದವನು ಮನೆಮನೆಗೆ ಏಣಿ ಹಾಕಿಸಿಕೊಂಡು ತೊಲೆ ತೊಲೆಗೆ ಮುದ್ರೆ ಹೊಡೆಯತೊಡಗಿದ. ಪ್ರತಿ ಏಟಿಗೂ ಕೇರಿಯ ಜನ ಹೋ ಎಂದು ಕೂಗುತ್ತಿದ್ದರು, ನಾನೂ ಸರ್ಕಾರಿ ನೌಕರಿ ಮರೆತು ಕೂಗಿದೆ. ಒಂಬತ್ತನೆಯದು ಮುದುಕಿಯ ಮನೆ. ಗಾರ್ಡು ಬೆವರೊರೆಸಿಕೊಂಡು ಸುತ್ತಿಗೆ ಎತ್ತಿದಾಗ ಅವಳು ಏಣಿಯ ಬುಡ ಹಿಡಿದುಕೊಂಡು ಹೇಳಿದಳು:

“ಮೆಲ್ಲಗೆ ಹೊಡೀರಿ ಒಡೆಯಾ. ಸರ್ಕಾರದ ಮನೆ ಅಲ್ಲ, ನಮ್ದು.”