ಯಲ್ಲವ್ವನ ನಾಲಗೆ ಮತ್ತು ಸೀಸೆಯ ಹುಳು

ಹನುಮಸಾಗರದಲ್ಲಿ ಇವತ್ತಿಗೂ ಹೇಳುತ್ತಾರೆ: ಸೀಸೆಯೊಳಗಿನ ಸತ್ತ ಹುಳು ಎದ್ದು ಕುಣಿಯಿತು, ಯಲ್ಲವ್ವನ ಮೈಮೇಲೆ ದೇವರು ಬಂತು ಎಂದು. ಎರಡೂ ಸುಳ್ಳು. ಸೀಸೆ ನನ್ನ ಕೈಯಲ್ಲೇ ಇತ್ತು, ಹುಳು ಮಿಸುಕಲಿಲ್ಲ. ದೇವರು ಬಂದಿದ್ದರೆ ವಾದ ಮಾಡಿಯೇ ಕಳಿಸುತ್ತಿದ್ದೆ, ಆಗ ನನಗೆ ಅಷ್ಟು ಸೊಕ್ಕು. ನಿಜವಾಗಿ ನಡೆದದ್ದು ಬೇರೆ.

ಮೂವತ್ತರ ದಶಕದ ಕೊನೆ. ಧಾರವಾಡದಲ್ಲಿ ಓದುತ್ತಿದ್ದ ನನಗೆ ಬೇಸಿಗೆ ರಜೆಗೆ ಊರಿಗೆ ಹೊರಟಾಗ ಪ್ರೊಫೆಸರರು ಒಂದು ಸೀಸೆ ಕೊಟ್ಟಿದ್ದರು. ಒಳಗೆ ಅವರೇ ಕಾರವಾರದ ಕಡಲಲ್ಲಿ ಹಿಡಿದ, ಚಿಪ್ಪಿಲ್ಲದ ಬಸವನಹುಳು. ಜೀವವಿದ್ದಾಗ ಬಲು ಬಣ್ಣದ್ದಂತೆ. ಕೆಡದಿರಲೆಂದು ಹಾಕಿದ್ದ ಸ್ಪಿರಿಟ್ಟಿನಲ್ಲಿ ಅದು, ಬೆಂದ ಉಳ್ಳಾಗಡ್ಡಿಯಂತೆ, ಬೆಳ್ಳಗಾಗಿತ್ತು. ಬಣ್ಣದ ಟಿಪ್ಪಣಿ ತಮ್ಮಲ್ಲೇ ಇಟ್ಟುಕೊಂಡು, ‘ಆಕಾರ ನೋಡಿ ಜಾತಿ ಗುರುತಿಸು’ ಎಂದಿದ್ದರು. ಪುಸ್ತಕದಲ್ಲಿದ್ದ ಮೂರು ಚಿತ್ರಗಳ ಆಕಾರ ಒಂದೇ, ಬಣ್ಣವಷ್ಟೇ ಬೇರೆ. ವಾರವಾದರೂ ಗುರುತು ಹತ್ತಲಿಲ್ಲ.

ಪಕ್ಕದ ಮನೆಯ ಯಲ್ಲವ್ವ ನೇಕಾರರ ನೂಲಿಗೆ ನೀಲಿ ಹಾಕುವವಳು. ಬಾನಿಯ ನೀಲಿ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ನಾಲಗೆಗೆ ಹಚ್ಚಿಕೊಂಡು ಹೇಳುತ್ತಿದ್ದಳು. ಆ ನಾಲಗೆಯಿಂದಲೇ ಮನೆಯ ಐದು ಮಂದಿ ಉಣ್ಣುತ್ತಿದ್ದರು.

‘ಯಾಕ ತಮ್ಮಾ, ಹುಳಾ ನೋಡಕೋತ ಹುಳದಂಗ ಕುಂತಿ?’ ಎಂದಳು.

‘ಇದರ ಬಣ್ಣ ಹೇಳಬೇ ನೋಡೋಣು. ನಿನ್ನ ನಾಲಿಗಿಗೆ ಭಾಳ ತಿಳಿತೈತಲ್ಲ!’

‘ತಾ ಇಲ್ಲಿ. ನೀ ಕಣ್ಣಿಲೆ ಓದ್ತಿ, ನಾ ನಾಲಿಗಿಲೆ ಓದ್ತೀನಿ.’

ಸ್ಪಿರಿಟ್ಟು ವಿಷವೆಂದು ನನಗೆ ಗೊತ್ತಿತ್ತು. ಆದರೂ ವಾದ ಗೆಲ್ಲುವ ಆಸೆಗೆ ಬಿರಡೆ ತೆಗೆದೆ. ಆಕೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಅಂಗಳದ ತುಂಬ ಮಧ್ಯಾಹ್ನದ ಬಿಸಿಲು. ಆಕೆಯ ತೋಳಿನ ಕೂದಲು ಚಳಿಗೆಂಬಂತೆ ನಿಂತವು.

‘ಮೈ ನೀಲಿ. ಕೋಡು ಕೆಂಪು. ಅಂಚು ಹಳದಿ... ಎಡಕ ಒಂದ ಹಸರ ಚುಕ್ಕಿ,’ ಎಂದವಳು ಸಟ್ಟನೆ ನನ್ನ ಕೈ ಹಿಡಿದಳು. ‘ತೆಗಿಯೋ ಯಪ್ಪಾ! ನಾಲಿಗಿ ಮ್ಯಾಲ ಹರಿಯಾಕತ್ತೈತಿ!’

ಬಾಯಿ ತೆರೆಸಿ ನೋಡಿದೆ. ಏನೂ ಇರಲಿಲ್ಲ. ಆದರೆ ನಾಲಗೆಯ ನಡುವೆ ಸಣ್ಣ ತಗ್ಗೊಂದು ಬಿದ್ದಿತ್ತು. ಅದು ನಿಧಾನಕ್ಕೆ ಗಂಟಲಿನತ್ತ ಸರಿಯಿತು. ಕೈ ಕೊಸರಿಕೊಂಡು ಓಡಿದೆ.

ರಜೆ ಮುಗಿದ ಮೇಲೆ ಯಲ್ಲವ್ವ ಹೇಳಿದ ಬಣ್ಣಗಳನ್ನೇ ನನ್ನವೆಂಬಂತೆ ಬರೆದು ಕೊಟ್ಟೆ. ಪ್ರೊಫೆಸರರು ಟಿಪ್ಪಣಿ ತೆರೆದರು. ನೀಲಿ, ಕೆಂಪು, ಹಳದಿ. ಪುಸ್ತಕದ ಯಾವ ಚಿತ್ರದಲ್ಲೂ ಇಲ್ಲದ ಆ ಹಸಿರು ಚುಕ್ಕೆಯೂ ಇತ್ತು. ನನ್ನ ಬೆನ್ನು ತಟ್ಟಿದರು. ಸೀಸೆಯನ್ನು ಅವರ ಮೇಜಿನ ಮೇಲಿಟ್ಟು ಹೊರಬಂದೆ.

ದೀಪಾವಳಿಗೆ ಊರಿಗೆ ಬಂದಾಗ ಯಲ್ಲವ್ವನ ಬಾನಿಗಳು ಬೋರಲು ಬಿದ್ದಿದ್ದವು. ಏನು ನೆಕ್ಕಿದರೂ ಬರೀ ಉಪ್ಪು ಅಂತಾಳೆ, ನೂಲೆಲ್ಲ ಬಣ್ಣಕ್ಕೆ ಕುಷ್ಟಗಿಗೆ ಹೋಗುತ್ತಿದೆ ಎಂದು ಆಕೆಯ ಸೊಸೆ ಅತ್ತಳು. ಸ್ಪಿರಿಟ್ಟು ನಾಲಗೆಯನ್ನು ಸುಟ್ಟಿದೆ, ತಪ್ಪು ನನ್ನದೇ, ಅಷ್ಟನ್ನು ಒಪ್ಪುತ್ತೇನೆ. ಉಳಿದದ್ದಕ್ಕೆ ನನ್ನಲ್ಲಿ ವಾದವಿಲ್ಲ.

ನನ್ನನ್ನು ಕಂಡು ಯಲ್ಲವ್ವ ತುಟಿ ಬಿಗಿದಳು, ಒಳಗಿನದೇನನ್ನೋ ಹೊರಬಿಡದವಳಂತೆ. ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದೆ:

‘ಯವ್ವಾ, ಅದು ಹೋತೇನಬೇ?’