ಎಡಗೈ ಎತ್ತಿದ ಹುಡುಗಿ

ನಾನು ಸಮಾಜ ವಿಜ್ಞಾನದ ಶಿಕ್ಷಕಿ. ನನ್ನ ಬಾಯಿ ದೊಡ್ಡದೆಂದು ಶಿಗ್ಗಾವಿಯ ನಮ್ಮ ಓಣಿಗೆಲ್ಲ ಗೊತ್ತು. ಅದಕ್ಕೇ ಇರಬೇಕು, ವಾಕ್ ಸ್ವಾತಂತ್ರ್ಯದ ಪಾಠ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಆ ವಾರವೂ ನಾನು ಕಲಿಸುವ ಹಾನಗಲ್ಲ ತಾಲ್ಲೂಕಿನ ಹಳ್ಳಿ ಶಾಲೆಯ ಒಂಬತ್ತನೇ ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದ್ದೆ: "ಅನಿಸಿದ್ದನ್ನ ಹೇಳಾಕ ಯಾರಿಗೂ ಅಂಜಬ್ಯಾಡ್ರಿ. ಸಂವಿಧಾನ ನಿಮ್ಮ ಬೆನ್ನಿಗೈತಿ."

ಮೊದಲ ಸಾಲಿನ ಹುಡುಗಿಯೊಬ್ಬಳು ಅದನ್ನು ನಂಬಿಬಿಟ್ಟಳು. ಆಡೂರಿನ ಕಡೆಯಿಂದ ಸೈಕಲ್ ತುಳಿದು ಬರುವವಳು, ತರಗತಿಗೇ ಜಾಣೆ. ಗಂಟೆ ಹೊಡೆದ ಮೇಲೆ ನನ್ನ ಹತ್ತಿರ ಬಂದಳು.

"ಟೀಚರ್, ನಾಳಿ ಸಾಹೇಬ್ರು ಶಾಲಿ ನೋಡಾಕ ಬರ್ತಾರಲ್ರೀ, ಅವರಿಗೆ ನಮ್ಮ ಶೌಚಾಲಯದ ಮಾತು ಹೇಳ್ತೇನಿ. ಕೀಲಿ ಹಾಕಿ ವರ್ಷಾತು. ಹುಡುಗ್ಯಾರು ಮುಂಜಾನಿಂದ ನೀರ ಕುಡಿಯೂದಿಲ್ರೀ."

ನಾನು "ಹೂಂ" ಎಂದೆ. ಹುಡುಗಿಯರು ಹೊಲಸು ಮಾಡುತ್ತಾರೆಂದು ಹಾಕಿದ ಬೀಗ ಅದು. ಕೀಲಿಕೈ ಸ್ಟಾಫ್ ರೂಮಿನ ಮೊಳೆಗೆ ತೂಗುತ್ತಿತ್ತು. ಶಿಕ್ಷಕಿಯರು ಮಾತ್ರ ಬಳಸುತ್ತಿದ್ದೆವು. ಆ ಶಿಕ್ಷಕಿಯರಲ್ಲಿ ನಾನೂ ಒಬ್ಬಳು.

ವಿಷಯ ಹೆಡ್‌ಮಾಸ್ತರರ ಕಿವಿಗೆ ಹಾಕಿದವಳೂ ನಾನೇ. ಅವರ ಮುಖ ಬಿಳುಚಿತು. "ಆ ಹುಡುಗಿ ಬಾಯಿ ಬಿಟ್ರ ನಮಗೆಲ್ಲಾ ನೋಟಿಸ್ ಬರ್ತೈತ್ರೀ. ಏನಾರ ಬಂದೋಬಸ್ತ್ ಮಾಡ್ರಿ."

ಬಂದೋಬಸ್ತಿನ ದಾರಿ ನನಗೆ ಗೊತ್ತಿತ್ತು. ಹಿರೇಕೆರೂರಿನಲ್ಲಿ ಕೆಲಸಕ್ಕೆ ಸೇರಿದಾಗ ಹಿರಿಯ ಶಿಕ್ಷಕರೊಬ್ಬರು ಹೇಳಿಕೊಟ್ಟಿದ್ದು. ಆಮೇಲೆ ಸವಣೂರಿಗೆ ವರ್ಗವಾಗಿ ಹೋದರೆ ಅಲ್ಲೂ ಅದೇ. ಸಾಹೇಬರು ಪ್ರಶ್ನೆ ಕೇಳಿದರೆ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ಬಲಗೈ ಎತ್ತಿದವರನ್ನಷ್ಟೇ ನಾವು ಎಬ್ಬಿಸುತ್ತೇವೆ. ಸಾಹೇಬರಿಗೆ ಕಾಣುವುದು ಕೈಗಳ ಕಾಡು ಮಾತ್ರ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಬದಿಗೆ ಕರೆದೆ. "ಇವತ್ತ ನೀ ಎಡಗೈ ಎತ್ತವಾ."

"ನನಗ ಉತ್ತರ ಬರ್ತೈತ್ರೀ, ಟೀಚರ್."

"ಗೊತ್ತೈತಿ. ಆದ್ರೂ ಎಡಗೈನ ಎತ್ತು."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆ ನೋಟ ಇವತ್ತಿಗೂ ನನಗೆ ಬೇಡ.

ಸಾಹೇಬರು ಬಂದರು. ಕೇಳಿದ್ದೇನು? "ವಾಕ್ ಸ್ವಾತಂತ್ರ್ಯ ಅಂದರೇನು, ಯಾರು ಹೇಳ್ತೀರಿ?" ಇಡೀ ತರಗತಿ ಕೈ ಎತ್ತಿತು. ಮೊದಲ ಸಾಲಿನಲ್ಲಿ ಅವಳ ಎಡಗೈ ನೆಟ್ಟಗೆ ಮೇಲಿತ್ತು. ಅದನ್ನು ದಾಟಿ ಹಿಂದಿನ ಒಬ್ಬ ಹುಡುಗನನ್ನು ಎಬ್ಬಿಸಿದೆ. ಅವನು ಉಸಿರು ಬಿಡದೆ ಪುಸ್ತಕದ ಸಾಲು ಒಪ್ಪಿಸಿದ. ಸಾಹೇಬರು "ಶಾಭಾಸ್" ಎಂದರು, ಗಿರ್ಮಿಟ್ಟು ತಿಂದರು, ಚಹಾ ಕುಡಿದು ಹೋದರು. ನಾನೂ ಎರಡು ಮಿರ್ಚಿ ಭಜಿ ತಿಂದೆ, ರುಚಿಯಾಗಿಯೇ ಇದ್ದವು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದು ನನ್ನಂಥವರನ್ನು ನೋಡಿಯೇ.

ಅದರ ಮರುದಿನ ತರಗತಿಯಲ್ಲಿ ಸುಲಭದ ಪ್ರಶ್ನೆಯೊಂದನ್ನು ಕೇಳಿದೆ. ಗಣರಾಜ್ಯೋತ್ಸವ ಯಾವತ್ತು? ಒಂದನೇ ತರಗತಿಯ ಕೂಸೂ ಹೇಳುತ್ತದೆ.

ಹುಡುಗರ ಕಡೆ ಬಲಗೈಗಳು ಎದ್ದವು. ಹುಡುಗಿಯರ ಕಡೆ ಎಲ್ಲರೂ ಎಡಗೈ ಎತ್ತಿದ್ದರು. ಒಬ್ಬಳೂ ಬಿಟ್ಟಿರಲಿಲ್ಲ. ಯಾರೂ ನಗುತ್ತಿರಲಿಲ್ಲ. ಗಲಾಟೆ ಮಾಡಿದ್ದರೆ ಬೈಯುತ್ತಿದ್ದೆ, ಈ ಸುಮ್ಮನಿರುವ ಕೈಗಳಿಗೆ ಏನು ಹೇಳಲಿ?

"ಯಾಕವಾ, ಇದೂ ಗೊತ್ತಿಲ್ಲೇನು?" ಅವಳನ್ನೇ ಕೇಳಿದೆ.

"ನಮಗ ಏನೂ ಗೊತ್ತಿಲ್ರೀ, ಟೀಚರ್." ಕೈ ಇಳಿಸಲಿಲ್ಲ.

ಪುಸ್ತಕ ಮುಚ್ಚಿ ಸ್ಟಾಫ್ ರೂಮಿಗೆ ಹೋದೆ. ಹೆಡ್‌ಮಾಸ್ತರರು "ಏನ್ರೀ, ಏನಾತು?" ಎನ್ನುತ್ತಿದ್ದಂತೆಯೇ ಮೊಳೆಯಿಂದ ಕೀಲಿಕೈ ತೆಗೆದುಕೊಂಡು ಬಂದು ಅವಳ ಮುಂದೆ ಹಿಡಿದೆ.

ದೊಡ್ಡವರು ಏನು ಕೊಟ್ಟರೂ ಬಲಗೈಯಲ್ಲಿ ತೆಗೆದುಕೊಳ್ಳಬೇಕೆಂದು ನಮ್ಮ ಕಡೆ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಅವಳು ಎಡಗೈ ಚಾಚಿ ಕೀಲಿಕೈ ತೆಗೆದುಕೊಂಡಳು.